ಫ್ಯೂಸ್ ಬದಲಿಸುವ ಮೊದಲು ದೋಷದ ಜಾಗ ಹುಡುಕಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಚಲಿಸುತ್ತಿದ್ದ ಕಾರು ಹೆದ್ದಾರಿ ಬದಿಯಲ್ಲಿ ಹೊತ್ತಿ ಉರಿದ ಸುದ್ದಿಗಳು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕಾಣಿಸತೊಡಗುತ್ತವೆ. ಅವುಗಳಲ್ಲಿ ಬಹುತೇಕ ವರದಿಗಳು ‘ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ’ ಎಂಬ ಸಾಲಿಗೆ ಮುಗಿದುಹೋಗುತ್ತವೆ. ಯಾವ ವೈರಿನಲ್ಲಿ, ಕಾರಿನ ಯಾವ ಭಾಗದಲ್ಲಿ, ಏತರಿಂದ ಎಂಬ ಪ್ರಶ್ನೆಯನ್ನು ವರದಿಗಾರರೂ ಕೇಳುವುದಿಲ್ಲ, ಪೊಲೀಸರೂ ಕೇಳುವುದಿಲ್ಲ. ವಿಮಾ ಕಂಪನಿಯ ಸರ್ವೇಯರ್ ಕೇಳಿದರೂ ಅದರ ಉತ್ತರ ಓದುಗರವರೆಗೆ ಬರುವುದಿಲ್ಲ. ಸುಟ್ಟು ಕರಕಲಾದ ಕಾರಿನಲ್ಲಿ ಆ ಜಾಗವನ್ನು ಹುಡುಕುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ. ಆದರೆ ಕಾರು ಸುಡುವ ಮೊದಲು ಹುಡುಕುವುದು ಅಷ್ಟು ಕಷ್ಟವಲ್ಲ, ಮತ್ತು ಹುಡುಕಬೇಕೆಂಬ ಸೂಚನೆಯನ್ನು ಕಾರು ಎಷ್ಟೋ ಸಲ ಮೊದಲೇ ಕೊಟ್ಟಿರುತ್ತದೆ. ಒಂದೇ ಫ್ಯೂಸ್ ಮತ್ತೆ ಮತ್ತೆ ಹೋಗುವುದು ಆ ಸೂಚನೆ.

ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಕಿರಿಯ ತರಬೇತಿ ಅಧಿಕಾರಿಯಾಗಿ ನಿವೃತ್ತನಾದ ನಾನು, ಈಗಲೂ ಶಿವಮೊಗ್ಗದ ಸಾಗರ ರಸ್ತೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನಡೆಸುತ್ತಿರುವ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಿಗೆ ಆಗಾಗ ಹೋಗಿ ಕೂರುತ್ತೇನೆ. ಅಲ್ಲಿಗೆ ಬರುವ ಕಾರುಗಳ ಫ್ಯೂಸ್ ಬಾಕ್ಸ್ ತೆರೆದಾಗ ಕಾಣುವ ದೃಶ್ಯ ಕಳವಳ ಹುಟ್ಟಿಸುವಂಥದ್ದು. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಇರಬೇಕಾದಲ್ಲಿ ಹಸಿರು ಬಣ್ಣದ 30 ಆಂಪಿಯರ್ ಫ್ಯೂಸ್ ಕುಳಿತಿರುತ್ತದೆ. ಕೆಲವದರಲ್ಲಿ ಹೋದ ಫ್ಯೂಸಿನ ಎರಡು ಕಾಲಿಗೂ ತಾಮ್ರದ ಎಳೆ ಸುತ್ತಿ ಮತ್ತೆ ಅಲ್ಲಿಗೇ ತುರುಕಿರುತ್ತಾರೆ. ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದ್ದನ್ನೂ ಕಂಡಿದ್ದೇನೆ. ಯಾರು ಹೀಗೆ ಮಾಡಿದರೆಂದು ಕೇಳಿದರೆ ಕಾರಿನವರು ‘ದಾರಿಯಲ್ಲಿ ಯಾರೋ ಹಾಕಿಕೊಟ್ಟರು, ಆಮೇಲೆ ತೊಂದರೆಯೇ ಬರಲಿಲ್ಲ’ ಎಂದು ಸಮಾಧಾನದಿಂದಲೇ ಹೇಳುತ್ತಾರೆ.

ತೊಂದರೆ ಬರಲಿಲ್ಲ ಎನ್ನುವುದು ಹೇಗೆ ಸರಿಯಲ್ಲ ಎಂಬುದನ್ನು ಸ್ವಲ್ಪ ಲೆಕ್ಕದ ಸಹಾಯದಿಂದ ವಿವರಿಸಬೇಕಾಗುತ್ತದೆ. ಫ್ಯೂಸ್ ಇರುವುದು ಮುಖ್ಯವಾಗಿ ವೈರನ್ನು ಕಾಪಾಡುವುದಕ್ಕೆ. ಅದರ ತುದಿಯಲ್ಲಿರುವ ದೀಪ ಅಥವಾ ಹಾರ್ನಿನ ಚಿಂತೆ ಅದಕ್ಕಿಲ್ಲ. ವೈರಿನ ದಪ್ಪ ನೋಡಿ ಕಂಪನಿಯವರು ಫ್ಯೂಸಿನ ಅಳತೆ ನಿಗದಿ ಮಾಡಿರುತ್ತಾರೆ. ಹೊದಿಕೆ ಸುಲಿದ ವೈರು, ಬ್ಯಾಟರಿಯ ನೆಗೆಟಿವ್ ಜೋಡಿಸಿರುವ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಗಟ್ಟಿಯಾಗಿ ತಾಗಿತೆಂದುಕೊಳ್ಳೋಣ. ಆ ದಾರಿಯ ಒಟ್ಟು ರೋಧ 0.1 ಓಮ್ ಇದ್ದರೆ 12 ವೋಲ್ಟಿನ ಬ್ಯಾಟರಿಯಿಂದ 120 ಆಂಪಿಯರ್ ಹರಿಯುತ್ತದೆ, ಫ್ಯೂಸ್ ಕಣ್ಣು ಮಿಟುಕಿಸುವುದರೊಳಗೆ ಕರಗುತ್ತದೆ. 30 ಆಂಪಿಯರಿನದಾದರೂ ಕರಗುತ್ತದೆ. ನಿಜವಾದ ಅಪಾಯ ಇರುವುದು ಅರೆಬರೆಯಾಗಿ ತಾಗಿದಾಗ. ರೋಧ ಅರ್ಧ ಓಮ್ ಇದ್ದರೆ ಹರಿಯುವುದು 24 ಆಂಪಿಯರ್. 10 ಆಂಪಿಯರ್ ಫ್ಯೂಸ್ ಇದನ್ನು ಕೆಲವು ಸೆಕೆಂಡುಗಳಿಗಿಂತ ಹೆಚ್ಚು ತಾಳಲಾರದು. 30 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಅದು ಹೋಗುವುದೇ ಇಲ್ಲ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 10 ಆಂಪಿಯರಿಗೆಂದು ಹಾಕಿದ ವೈರಿನಲ್ಲಿ ಸುಮಾರು ಆರು ಪಟ್ಟು ಶಾಖ ಹುಟ್ಟುತ್ತದೆ. ಆ ಇಡೀ ದಾರಿಯಲ್ಲಿ ವ್ಯಯವಾಗುವ ಶಕ್ತಿ 288 ವ್ಯಾಟ್, ಅಂದರೆ ಅಂಗಡಿಯವರು ಬಳಸುವ 25 ವ್ಯಾಟಿನ ಸಾಲ್ಡರಿಂಗ್ ಐರನ್‌ಗಳನ್ನು ಹನ್ನೊಂದು ಹನ್ನೆರಡರಷ್ಟು ಒಟ್ಟಿಗೆ ಸೇರಿಸಿ ಕಾರ್ಪೆಟ್ಟಿನ ಅಡಿಯಲ್ಲಿಟ್ಟಂತೆ. ಸಾಮಾನ್ಯ ಪಿವಿಸಿ ಹೊದಿಕೆ ತಾಳುವ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಹೊದಿಕೆ ಕರಗಿ ಪಕ್ಕದ ವೈರುಗಳ ಹೊದಿಕೆಯೂ ಮೆತ್ತಗಾದಾಗ, ಒಂದು ವೈರಿನ ದೋಷ ಇಡೀ ಕಟ್ಟಿನ ದೋಷವಾಗುತ್ತದೆ.

ಹಾಗಾದರೆ ಆ ಜಾಗವನ್ನು ಹುಡುಕುವುದು ಹೇಗೆ? ತೀರ್ಥಹಳ್ಳಿ ಕಡೆಯ ಶಿಕ್ಷಕರೊಬ್ಬರ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಉಪಯುಕ್ತವೆಂದು ಭಾವಿಸುತ್ತೇನೆ. ಪಾರ್ಕಿಂಗ್ ಲೈಟಿನ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಬೇರೆಡೆ ಸ್ವಿಚ್ ಬದಲಿಸಿದ್ದರು, ಹಿಂದಿನ ದೀಪದ ಹೋಲ್ಡರ್ ಬದಲಿಸಿದ್ದರು, ಪ್ರಯೋಜನವಾಗಿರಲಿಲ್ಲ. ನನ್ನ ಶಿಷ್ಯ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಫ್ಯೂಸ್ ಹಾಕಿದ ಕೂಡಲೇ ಹೋಗುತ್ತದೆಯೋ, ಸ್ವಿಚ್ ಒತ್ತಿದಾಗ ಹೋಗುತ್ತದೆಯೋ, ಅಥವಾ ಓಡಿಸುವಾಗ ಹೋಗುತ್ತದೆಯೋ? ಈ ಪ್ರಶ್ನೆಗೆ ಸಿಗುವ ಉತ್ತರ ಅರ್ಧ ಕೆಲಸವನ್ನು ಮುಗಿಸುತ್ತದೆ. ಯಾವ ಸ್ವಿಚ್ಚನ್ನೂ ಮುಟ್ಟದೆ, ಫ್ಯೂಸ್ ತುರುಕಿದ ಕೂಡಲೇ ಹೋದರೆ ದೋಷ ಫ್ಯೂಸಿಗೂ ಸ್ವಿಚ್ಚಿಗೂ ನಡುವಿನ ವೈರಿನಲ್ಲಿದೆ. ಸ್ವಿಚ್ ಒತ್ತಿದ ಮೇಲೆ ಹೋದರೆ ಅದು ಸ್ವಿಚ್ಚಿನಿಂದ ಆಚೆಗಿದೆ. ಹಂಪಿನ ಮೇಲೆ ಹತ್ತಿದಾಗ, ಬಾಗಿಲು ತೆರೆದಾಗ, ಸೀಟು ಹಿಂದೆ ಮುಂದೆ ಸರಿಸಿದಾಗ ಹೋದರೆ ಅಲುಗಾಡುವ ಜಾಗದಲ್ಲೇ ವೈರು ತಾಗುತ್ತಿದೆ. ಶಿಕ್ಷಕರು ನೆನಪಿಸಿಕೊಂಡು, ಸ್ವಿಚ್ ಹಾಕಿದ ಮೇಲೆ, ಅದೂ ಹೆಚ್ಚಾಗಿ ಸಂತೆ ಸಾಮಾನು ಹಾಕಿಕೊಂಡು ಹೊರಟ ದಿನ ಹೋಗುತ್ತದೆ ಎಂದರು.

ಆಮೇಲೆ ಅವನು ಫ್ಯೂಸಿನ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಸಿಕ್ಕಿಸಿದ. ಇದು ಅಂಗಡಿಯಿಂದ ಕೊಂಡದ್ದಲ್ಲ. ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬನ್ನು ಹೋಲ್ಡರಿಗೆ ಹಾಕಿ, ಅದರ ಎರಡು ವೈರಿನ ತುದಿಗೆ ಹಳೆಯ ಫ್ಯೂಸಿನ ಕಾಲುಗಳನ್ನು ಸಾಲ್ಡರ್ ಮಾಡಿಕೊಂಡ ಸರಳ ಸಾಧನ. ಇದರ ಅನುಕೂಲವೇನೆಂದರೆ, ಮುಂದಿನ ವೈರು ಎಷ್ಟೇ ಗಟ್ಟಿಯಾಗಿ ಬಾಡಿಗೆ ತಾಗಿದ್ದರೂ 1.75 ಆಂಪಿಯರಿಗಿಂತ ಹೆಚ್ಚು ಪ್ರವಾಹ ಹರಿಯಲು ಈ ಬಲ್ಬು ಬಿಡುವುದಿಲ್ಲ. ಹಾಗಾಗಿ ಒಂದರ ಮೇಲೊಂದು ಫ್ಯೂಸ್ ಸುಡದೆ, ವೈರನ್ನೂ ಕಾಯಿಸದೆ ನಿಧಾನವಾಗಿ ಹುಡುಕಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ಆ ಸಾಲಿನ ದೀಪಗಳನ್ನು ಕಳಚದೆ ಹೀಗೆ ಪರೀಕ್ಷಿಸಿದರೆ ದೋಷ ಇಲ್ಲದಿದ್ದರೂ ಟೆಸ್ಟ್ ಲ್ಯಾಂಪ್ ಉರಿಯುತ್ತದೆ, ಏಕೆಂದರೆ ತಣ್ಣಗಿರುವ ಬಲ್ಬುಗಳ ರೋಧ ಬಹಳ ಕಡಿಮೆ. ಮುಂದಿನ ಎರಡು, ಹಿಂದಿನ ಎರಡು, ನಂಬರ್ ಪ್ಲೇಟಿನದು, ಹೀಗೆ ಎಲ್ಲ ಬಲ್ಬುಗಳನ್ನೂ ತೆಗೆದು, ಡ್ಯಾಶ್‌ಬೋರ್ಡಿನ ಒಳದೀಪಗಳ ಕಪ್ಲರನ್ನೂ (ವೈರುಗಳನ್ನು ಜೋಡಿಸುವ ಪ್ಲಗ್) ಬಿಡಿಸಿ, ಸ್ವಿಚ್ ಹಾಕಿದರೂ ಲ್ಯಾಂಪ್ ಉಜ್ವಲವಾಗಿಯೇ ಉರಿಯುತ್ತಿತ್ತು. ಅಂದರೆ ಬಲ್ಬುಗಳು ನಿರ್ದೋಷಿಗಳು, ದೋಷ ವೈರಿನದು ಅಥವಾ ಹೋಲ್ಡರಿನದು. ಎಡಬದಿಯ ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ತೆಗೆದು, ಹಿಂಭಾಗಕ್ಕೆ ಹೋಗುವ ಕಪ್ಲರನ್ನು ಬಿಡಿಸಿದಾಗ ಲ್ಯಾಂಪ್ ಆರಿತು. ಮುಂಭಾಗದ ಇಡೀ ವೈರಿಂಗ್ ಆ ಒಂದು ಕ್ಷಣದಲ್ಲಿ ಲೆಕ್ಕದಿಂದ ಹೊರಗೆ ಹೋಯಿತು. ಕಪ್ಲರನ್ನು ಮತ್ತೆ ಸೇರಿಸಿ ಡಿಕ್ಕಿಯ ಬಾಗಿಲನ್ನು ನಿಧಾನವಾಗಿ ಎತ್ತಿ ಇಳಿಸಿದರೆ ಲ್ಯಾಂಪ್ ಮಿಣುಕಿತು. ಆ ಬಾಗಿಲಿನ ಕೀಲಿನ (ಹಿಂಜ್) ಪಕ್ಕದ ಮಡಿಕೆ ಮಡಿಕೆಯ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಸರಿಸಿದಾಗ, ನಂಬರ್ ಪ್ಲೇಟ್ ದೀಪಕ್ಕೆ ಹೋಗುವ ತೆಳ್ಳನೆಯ ವೈರಿನ ಹೊದಿಕೆ ಮಡಿಚುವಲ್ಲೇ ಬಿರಿದು, ಒಳಗಿನ ತಾಮ್ರ ಹಸಿರುಗಟ್ಟಿ, ಹಿಂಜಿನ ತಗಡಿಗೆ ತಾಗುತ್ತಿದ್ದುದು ಬರಿಗಣ್ಣಿಗೆ ಕಾಣುತ್ತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ವೈರು ಬಿರಿಯುವ ಹಂತದಲ್ಲಿತ್ತು. ನಾಲ್ಕಾರು ಇಂಚು ಹೊಸ ವೈರು, ಸಾಲ್ಡರ್, ಅದರ ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್, ಮತ್ತೆ ಕೆಂಪು ಬಣ್ಣದ ಹತ್ತರ ಫ್ಯೂಸ್.

ಈ ರಬ್ಬರ್ ಕೊಳವೆಗಳ ಒಳಗಿನ ವೈರು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವ ಜಾಗ. ಚಾಲಕನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆಂದು ಯೋಚಿಸಿದರೆ ಕಾರಣ ತಿಳಿಯುತ್ತದೆ. ಎಂಜಿನ್ ಕಡೆಯಿಂದ ಒಳಕ್ಕೆ ವೈರಿನ ಕಟ್ಟು ಹಾದುಬರುವ ತಗಡಿನ ತೂತು, ಅದರ ಅಂಚಿನ ರಬ್ಬರ್ ಬಳೆ (ಗ್ರೊಮೆಟ್) ಜಾರಿದ್ದರೆ, ಚಾಕುವಿನಂತೆ ಕೊಯ್ಯುತ್ತದೆ. ಸೀಟಿನ ಕೆಳಗಿನ ಹಳಿ, ಸೈಲೆನ್ಸರ್ ಕೊಳವೆಯ ಹತ್ತಿರ ಕ್ಲಿಪ್ ಕಳಚಿ ಜೋತ ವೈರು, ನೀರು ನಿಂತ ಹಿಂದಿನ ದೀಪದ ಹೋಲ್ಡರ್ ಇವೂ ಇದೇ ಪಟ್ಟಿಗೆ ಸೇರುತ್ತವೆ. ಮಲೆನಾಡಿನಲ್ಲಿ ಮಳೆಗಾಲದ ಎಲೆಗಳು ವೈಪರಿನ ಕೆಳಗಿನ ನೀರುದಾರಿಯನ್ನು ಮುಚ್ಚಿ, ನೀರು ಫ್ಯೂಸ್ ಬಾಕ್ಸಿಗೆ ಇಳಿದ ಕಾರುಗಳು ಬರುತ್ತವೆ. ಇಲಿಗಳ ವಿಷಯ ಎಲ್ಲರಿಗೂ ಗೊತ್ತು. ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ, ನಮ್ಮ ಕಡೆಯ ಇಲಿಗಳು ಅದಕ್ಕೆ ಹೆದರಿದ್ದನ್ನು ಮಾತ್ರ ನಾನು ಕಂಡಿಲ್ಲ. ಇನ್ನು ಸಿಗರೇಟ್ ಲೈಟರಿನ ಸಾಕೆಟ್ಟು. ಒಂದು ರೂಪಾಯಿಯ ನಾಣ್ಯ ಅದರೊಳಗೆ ಜಾರಿ ಬಿದ್ದರೆ ನಡುವಿನ ತುದಿಗೂ ಸುತ್ತಲಿನ ಅಂಚಿಗೂ ಅಡ್ಡವಾಗಿ ಕುಳಿತು ಫ್ಯೂಸ್ ಹಾಕಿದ ಹಾಗೆಲ್ಲ ಹೋಗುತ್ತದೆ. ವೈರಿಂಗ್ ಬಿಚ್ಚುವ ಮೊದಲು ಒಂದು ಟಾರ್ಚ್ ಹಿಡಿದು ಅಲ್ಲಿ ಇಣುಕಿ ನೋಡಿದರೆ ಅರ್ಧ ದಿನ ಉಳಿಯುತ್ತದೆ.

ಕಾರ್ಖಾನೆಯ ವೈರಿಂಗ್ ಎಂದೂ ತಪ್ಪುವುದಿಲ್ಲ ಎಂದೇನೂ ನಾನು ಹೇಳುವುದಿಲ್ಲ. 2010ರ ಜನವರಿಯಲ್ಲಿ ಹೋಂಡಾ ಕಂಪನಿ ಜಗತ್ತಿನಾದ್ಯಂತ 6 ಲಕ್ಷಕ್ಕೂ ಹೆಚ್ಚು ಜಾಝ್ ಮತ್ತು ಸಿಟಿ ಕಾರುಗಳನ್ನು ವಾಪಸ್ ಕರೆಯಿತು. ಭಾರತದಲ್ಲಿ ಮಾರಾಟವಾದ ಸಿಟಿ ಕಾರುಗಳೂ ಅವುಗಳಲ್ಲಿದ್ದವು. ಚಾಲಕನ ಕಿಟಕಿಯಿಂದ ಇಳಿದ ನೀರು ಪವರ್ ವಿಂಡೋ ಸ್ವಿಚ್ಚಿನೊಳಗೆ ಸೇರಿ, ಅಲ್ಲಿ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇದೆಯೆಂಬುದು ಅದರ ಕಾರಣ. ಈ ಪ್ರಕರಣವನ್ನು ನಾನು ಪ್ರಸ್ತಾಪಿಸುವುದು ಕಂಪನಿಯನ್ನು ದೂರುವುದಕ್ಕಲ್ಲ. ದೋಷದ ಜಾಗವನ್ನು ಒಂದು ಸ್ವಿಚ್ಚಿನವರೆಗೆ, ನೀರು ಇಳಿಯುವ ದಾರಿಯವರೆಗೆ ಗುರುತಿಸಿದ್ದರಿಂದಲೇ ಅಷ್ಟು ಕಾರುಗಳನ್ನು ಸರಿಪಡಿಸಲು ಸಾಧ್ಯವಾಯಿತು. ಆದರೆ ನಮ್ಮ ಅಂಗಡಿಗಳಿಗೆ ಬರುವ ಕಾರುಗಳಲ್ಲಿ ಹೆಚ್ಚಿನ ದೋಷಗಳು ಕಾರ್ಖಾನೆಯಿಂದ ಬಂದವಲ್ಲ. ಹಿಂದಿನ ಕ್ಯಾಮೆರಾ, ಫಾಗ್ ಲ್ಯಾಂಪ್, ದೊಡ್ಡ ಸ್ಪೀಕರ್, ಜೋಡಿ ಹಾರ್ನ್, ಡ್ಯಾಶ್‌ಬೋರ್ಡಿನ ಕೆಳಗಿನ ಎಲ್‌ಇಡಿ ಪಟ್ಟಿ, ಹಳದಿ ಬೋರ್ಡ್ ವಾಹನಗಳಾದರೆ ಜಿಪಿಎಸ್ ಸಾಧನ, ಹೀಗೆ ಒಂದೊಂದಕ್ಕೂ ಸಿಕ್ಕಿದ ವೈರಿನ ಹೊದಿಕೆ ಸುಲಿದು, ಅದಕ್ಕೆ ಇನ್ನೊಂದನ್ನು ತಿರುಚಿ, ಮೇಲೆ ಕಪ್ಪು ಟೇಪ್ ಸುತ್ತಿಬಿಡುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಟೇಪಿನ ಅಂಟು ಇಳಿದು ಸುರುಳಿ ಬಿಚ್ಚಿಕೊಳ್ಳುತ್ತದೆ. ಪ್ರತ್ಯೇಕ ಫ್ಯೂಸ್ ಮತ್ತು ರಿಲೇ (ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹಾಕಿ ಆರಿಸುವ ಸ್ವಿಚ್) ಇಲ್ಲದೆ ಹೆಚ್ಚುವರಿ ಸಾಮಾನು ಜೋಡಿಸುವುದಿಲ್ಲವೆಂದು ಹೇಳುವ ಅಂಗಡಿಯವರನ್ನು ಗ್ರಾಹಕರು ಜಿಗುಟು ಸ್ವಭಾವದವರೆಂದು ತಿಳಿಯಬಾರದು.

ಶಾರ್ಟ್ ಎಂದು ನಾವು ಕರೆಯುವ ಎಲ್ಲವೂ ಶಾರ್ಟ್ ಆಗಿರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಕಾರ್ಖಾನೆಯಿಂದ ಬರುವ ಎಚ್4 ಹೆಡ್‌ಲೈಟ್ ಬಲ್ಬು 60/55 ವ್ಯಾಟಿನದು, ಅಂದರೆ ಹೈ ಬೀಮಿಗೆ 60, ಲೋ ಬೀಮಿಗೆ 55. ಹೈ ಬೀಮಿನಲ್ಲಿ ಎರಡೂ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಅದರ ಬದಲು ಮಾರುಕಟ್ಟೆಯ 100/90 ವ್ಯಾಟಿನ ಬಲ್ಬು ಹಾಕಿದರೆ ಅದು ಸುಮಾರು 17 ಆಂಪಿಯರ್ ಆಗುತ್ತದೆ. ಎಲ್ಲಿಯೂ ವೈರು ಬಾಡಿಗೆ ತಾಗಿಲ್ಲ, ಆದರೂ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಕರಗುತ್ತದೆ. ಇನ್ನೊಂದು, ಸಡಿಲವಾದ ಅಥವಾ ತುಕ್ಕು ಹಿಡಿದ ಜಾಯಿಂಟ್. 10 ಆಂಪಿಯರ್ ಹರಿಯುವ ಜಾಯಿಂಟಿನಲ್ಲಿ 0.2 ಓಮ್ ರೋಧ ಬಂದರೆ ಕಡಲೆಕಾಳಿನಷ್ಟು ಜಾಗದಲ್ಲಿ 20 ವ್ಯಾಟ್ ಶಾಖ ಹುಟ್ಟುತ್ತದೆ, ಫ್ಯೂಸಿಗೆ ಇದರ ಸುಳಿವೇ ಸಿಗುವುದಿಲ್ಲ, ಏಕೆಂದರೆ ಒಟ್ಟು ಪ್ರವಾಹ ಹೆಚ್ಚಾಗುವುದರ ಬದಲು ಕಡಿಮೆಯೇ ಆಗಿರುತ್ತದೆ. ಇದನ್ನು ಹಿಡಿಯಬೇಕಾದರೆ ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರನ್ನು ವೋಲ್ಟಿಗೆ ಇಟ್ಟು ಜಾಯಿಂಟಿನ ಎರಡು ಬದಿಗೂ ಹಿಡಿಯಬೇಕು. ಅಲ್ಲಿ 0.1 ಅಥವಾ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಜಾಯಿಂಟನ್ನು ನಂಬುವಂತಿಲ್ಲ. ವೈರು ತುಂಡಾಗಿಲ್ಲವೆಂದು ಮೀಟರ್ ತೋರಿಸುವ ಕಂಟಿನ್ಯುಟಿಯ ಬೀಪ್ ಶಬ್ದ ಕೇಳಿ ವೈರು ಸರಿಯಿದೆಯೆಂದು ತೀರ್ಮಾನಿಸುವುದು ಇಲ್ಲಿ ಉಪಯೋಗಕ್ಕೆ ಬಾರದು. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ.

ಹೊಸ ಕಾರುಗಳಿಗೆ ಬಂದರೆ, ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸಾಧನ) ಹಾಕಿದರೆ ಎಲ್ಲ ತಿಳಿಯುತ್ತದೆಂಬ ನಂಬಿಕೆ ಗ್ರಾಹಕರಲ್ಲಿ ಬೆಳೆದಿದೆ. ಯಾವ ಸಾಲಿನಲ್ಲಿ ವೋಲ್ಟೇಜ್ ಅಸಹಜವಾಗಿದೆ ಎಂಬುದನ್ನು ಸ್ಕ್ಯಾನರ್ ಹೇಳುತ್ತದೆ, ನಾಲ್ಕು ಮೀಟರ್ ಉದ್ದದ ಆ ವೈರು ಎಲ್ಲಿ ಉಜ್ಜಿದೆ ಎಂಬುದನ್ನು ಹೇಳುವುದಿಲ್ಲ. ಕಾರಿನ ಹಲವು ಕಂಪ್ಯೂಟರ್ ಪೆಟ್ಟಿಗೆಗಳು ಮಾತನಾಡಿಕೊಳ್ಳುವ ಕ್ಯಾನ್ ಎಂಬ ಜೋಡಿ ವೈರಿನಲ್ಲೇ ದೋಷವಿದ್ದರೆ ಸ್ಕ್ಯಾನರಿಗೆ ಉತ್ತರವೇ ಬಾರದಿರಬಹುದು. ಅಂಥ ಸಂದರ್ಭದಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಡ್ಯಾಶ್‌ಬೋರ್ಡಿನ ಕೆಳಗಿನ ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿಗೆ ಕ್ಯಾನ್ ವೈರುಗಳನ್ನು ನೇರವಾಗಿ ತಂದಿರುವ ಕಾರುಗಳಲ್ಲಿ, 6 ಮತ್ತು 14ನೇ ಪಿನ್ನುಗಳ ನಡುವೆ ಸಾಮಾನ್ಯ ಮಲ್ಟಿಮೀಟರ್ ಇಟ್ಟರೆ ಸಾಕು. ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೋಧಕ ಇರುವುದರಿಂದ ಸರಿಯಾದ ಕಾರಿನಲ್ಲಿ ಸುಮಾರು 60 ಓಮ್ ತೋರಿಸಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಎರಡು ವೈರುಗಳು ಒಂದಕ್ಕೊಂದು ತಾಗಿವೆ, 120 ತೋರಿಸಿದರೆ ಒಂದು ಕಡೆ ತುಂಡಾಗಿದೆ. ಮುನ್ನೂರು ನಾನೂರು ರೂಪಾಯಿಯ ಮೀಟರಿನಿಂದ ಇಷ್ಟು ತಿಳಿಯುತ್ತದೆ. ಆದರೆ ಮೇಲೆ ವಿವರಿಸಿದ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಂಥ ಸೂಕ್ಷ್ಮ ವೈರುಗಳಿಗೆ ಚುಚ್ಚಿದರೆ ಇಸಿಯು, ಅಂದರೆ ಆ ಕಂಪ್ಯೂಟರ್ ಪೆಟ್ಟಿಗೆ, ಹಾಳಾಗಬಹುದು. ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರುಗಳನ್ನಂತೂ ಲ್ಯಾಂಪಿನಿಂದಾಗಲಿ, ಓಮ್ ಮೀಟರಿನಿಂದಾಗಲಿ ಮುಟ್ಟಲೇಬಾರದು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳು ಪ್ರತ್ಯೇಕ ತರಬೇತಿ ಪಡೆದವರ ಕೆಲಸ.

ಇಷ್ಟೆಲ್ಲ ತಿಳಿದ ಎಲೆಕ್ಟ್ರಿಷಿಯನ್ನರು ಪ್ರತಿ ಊರಿನಲ್ಲೂ ಇದ್ದಾರೆ. ಹಾಗಿದ್ದೂ ಹಸಿರು ಫ್ಯೂಸುಗಳು ಕೆಂಪು ಜಾಗದಲ್ಲಿ ಕೂರುವುದು ಏಕೆಂದರೆ, ನಮ್ಮಲ್ಲಿ ಬಿಡಿಭಾಗಕ್ಕೆ ಹಣ ಕೊಡುವ ರೂಢಿ ಇದೆ, ಹುಡುಕುವುದಕ್ಕೆ ಕೊಡುವ ರೂಢಿ ಇಲ್ಲ. ಆ ಶಿಕ್ಷಕರ ಕಾರಿನಲ್ಲಿ ಕೆಲಸ ಮಧ್ಯಾಹ್ನದ ಊಟದ ಹೊತ್ತನ್ನೂ ದಾಟಿತ್ತು. ಬಿಲ್ಲು ನೋಡಿದಾಗ ಅವರು, ‘ಅರ್ಧ ಅಡಿ ವೈರಿಗೆ ಇಷ್ಟೊಂದೇ?’ ಎಂದು ಕೇಳಿಯೇ ಕೇಳಿದರು. ಕೆಲಸಕ್ಕೆ ಬಾರದ ಹೊಸ ಸ್ವಿಚ್ಚಿಗೂ ಹೋಲ್ಡರಿಗೂ ಅದಕ್ಕಿಂತ ಹೆಚ್ಚು ಹಣವನ್ನು ಬೇರೆಡೆ ಮರುಮಾತಿಲ್ಲದೆ ಕೊಟ್ಟಿದ್ದರು. ಅವರನ್ನು ತಪ್ಪಾಗಿ ಭಾವಿಸಬೇಕಿಲ್ಲ. ಪೆಟ್ಟಿಗೆಯಲ್ಲಿ ಬಂದ ಸಾಮಾನು ಕಣ್ಣಿಗೆ ಕಾಣುತ್ತದೆ, ಹುಡುಕಿದ ಶ್ರಮ ಕಾಣುವುದಿಲ್ಲ. ಗ್ರಾಹಕ ಕೊಡುವುದಿಲ್ಲವೆಂದು ಗೊತ್ತಿರುವ ಎಲೆಕ್ಟ್ರಿಷಿಯನ್ ದೊಡ್ಡ ಫ್ಯೂಸ್ ಹಾಕಿ ಐದು ನಿಮಿಷದಲ್ಲಿ ಕಳುಹಿಸಿಬಿಡುತ್ತಾನೆ. ಆದ್ದರಿಂದ ಅಂಗಡಿಯವರು ದೋಷ ಪತ್ತೆಗೆಂದೇ ಗಂಟೆಯ ಲೆಕ್ಕದ ಪ್ರತ್ಯೇಕ ದರವನ್ನು ಗೋಡೆಯ ಮೇಲೆ ಬರೆದು ಹಾಕಬೇಕು, ದೋಷ ಸಿಕ್ಕಿದ ಜಾಗವನ್ನು ಗ್ರಾಹಕರಿಗೆ ಕಣ್ಣಾರೆ ತೋರಿಸಬೇಕು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಬೇಕು. ‘ವೈರಿಂಗ್ ರಿಪೇರಿ’ ಎಂದಷ್ಟೇ ಬರೆದ ಬಿಲ್ಲನ್ನು ಗ್ರಾಹಕರು ಒಪ್ಪಬಾರದು. ಯಾವ ಫ್ಯೂಸಿನ ಸಾಲು, ಎಲ್ಲಿ ತಾಗುತ್ತಿತ್ತು ಎಂಬ ಒಂದು ಸಾಲಾದರೂ ಅದರಲ್ಲಿರಬೇಕು.

ಇನ್ನೊಂದು ಅಡಚಣೆ ಗ್ರಾಹಕರ ಕೈಯಲ್ಲೂ ಇಲ್ಲ, ಅಂಗಡಿಯವರ ಕೈಯಲ್ಲೂ ಇಲ್ಲ. ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಫ್ಯೂಸುಗಳ ಪಟ್ಟಿ ಇರುತ್ತದೆ, ವೈರಿಂಗ್ ನಕ್ಷೆ ಇರುವುದಿಲ್ಲ. ಯಾವ ಬಣ್ಣದ ವೈರು ಯಾವ ಕಪ್ಲರಿನ ಮೂಲಕ ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಹುಡುಕುವವನು ಕಾರ್ಪೆಟ್ಟನ್ನೆಲ್ಲ ಕಿತ್ತು ಹುಡುಕಬೇಕಾಗುತ್ತದೆ; ನಕ್ಷೆ ಇದ್ದರೆ ಎರಡು ಕಪ್ಲರ್ ಬಿಡಿಸಿದರೆ ಸಾಕು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಆರಂಭಿಸಿದ, ಕಂಪನಿಗಳು ತಮ್ಮ ಸಾಮಾನುಗಳ ದುರಸ್ತಿ ಮಾಹಿತಿ ಒದಗಿಸುವ ದುರಸ್ತಿ ಹಕ್ಕಿನ ಜಾಲತಾಣದ ವ್ಯಾಪ್ತಿಗೆ ಮೋಟಾರು ವಾಹನಗಳನ್ನೂ ಸೇರಿಸಲಾಗಿದೆ. ಅದರ ಮೂಲಕ ಪ್ರತಿ ಮಾದರಿಯ ವೈರಿಂಗ್ ನಕ್ಷೆಗಳು ಸಣ್ಣ ಅಂಗಡಿಯವರಿಗೂ ಸಿಗುವಂತೆ ಮಾಡಲು ಕಂಪನಿಗಳಿಗೆ ಸೂಚಿಸುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ. ನಕ್ಷೆಗಳು ಹಾಗೆ ದೊರೆತರೆ, ಅವುಗಳಲ್ಲಿ ನಮ್ಮ ರಸ್ತೆಗಳಲ್ಲಿ ಹೆಚ್ಚು ಓಡುವ ನಾಲ್ಕಾರು ಮಾದರಿಗಳವನ್ನು ರಾಜ್ಯದ ತರಬೇತಿ ಸಂಸ್ಥೆಗಳಿಗೆ ಕನ್ನಡದ ವಿವರಣೆಯೊಂದಿಗೆ ಒದಗಿಸುವ ಕೆಲಸವನ್ನು ಇಲಾಖೆ ಕೈಗೆತ್ತಿಕೊಳ್ಳಬಹುದು. ಅನುವಾದಕ್ಕೆ ನನ್ನಂಥ ನಿವೃತ್ತರು ಸಂಭಾವನೆ ಇಲ್ಲದೆಯೂ ಕೂರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ,
ಶಿವಮೊಗ್ಗ